ಪಿತ್ತನಾಳದ ಎರಡು ಚುಕ್ಕೆ

ನಮ್ಮ ಬನಹಟ್ಟಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಹರಳು ತೆಗೆಸಲು ಅವ್ವನನ್ನು ಮಿರಜಿಗೆ ಕರೆದೊಯ್ದಿದ್ದೆವು. ಶಸ್ತ್ರಕ್ರಿಯೆಯಾದ ಮೇಲೆ ಅವಳ ಪಕ್ಕೆಯಿಂದ ಒಂದು ರಬ್ಬರ್ ನಳಿಗೆ ಹೊರಬಂದು ಮಂಚದ ಕೆಳಗಿನ ಬಾಟಲಿಗೆ ಇಳಿದಿತ್ತು. ಅರಿಸಿನದ ಬಣ್ಣದ ಪಿತ್ತ ಅದರಲ್ಲಿ ತೊಟ್ಟಿಕ್ಕುತ್ತಿತ್ತು. ಧಾರವಾಡದ ಕಾಲೇಜಿಗೆ ರಜೆ ಹಾಕಿ ಮಗಳಾದ ನಾನು ಅವಳ ಬಳಿ ಕೂತಿದ್ದೆ. ಎಷ್ಟು ದಿನವೋ ತಿಳಿಯದು. ಎಲ್ಲವೂ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ.

ಒಂದು ಮುಂಜಾನೆ ತೊಟ್ಟಿಕ್ಕುವುದು ನಿಂತಿತು. ಅವ್ವ ಬಾಟಲಿಯಿಂದ ನಳಿಗೆ ಬಿಡಿಸಿ, ತುದಿಯನ್ನು ತುಟಿಗಿಟ್ಟು ಜೋರಾಗಿ ಊದಿಬಿಟ್ಟಳು. ಲಾಳಿಯ ತೂತಿನಲ್ಲಿ ನೂಲಿನ ಧೂಳು ಕಟ್ಟಿದಾಗ ಮಗ್ಗದವರು ಹಾಗೇ ಊದುತ್ತಾರೆ.

"ಏನ್ ಮಾಡಾಕತ್ತಿ ಬೇ?"

"ಸುಮ್ನಿರ ತಂಗಿ. ಇಷ್ಟ ಕಲತೀದಿ, ಒಂದ ಲಾಳಿ ಊದಾಕ ಬರಂಗಿಲ್ಲ ನಿನಗ."

ಅದೇ ದಿನ, ಪಿತ್ತನಾಳ ಬೆಳ್ಳಗೆ ಕಾಣುವಂತೆ ಆ ನಳಿಗೆಯೊಳಗೆ ಔಷಧ ಬಿಟ್ಟು ಎಕ್ಸ್‌ರೇ ತೆಗೆದರು. ಡಾಕ್ಟರು ಇನ್ನೂ ಒದ್ದೆಯಿದ್ದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವ್ವನೊಳಗೆ ಎಲೆಯುದುರಿದ ಬಿಳಿ ಗಿಡವೊಂದು ನಿಂತಿತ್ತು. ಅದರ ಕವಲು ಕವಲಾಗಿ ನನ್ನ ಕಣ್ಣು ಏರುತ್ತಾ ಹೋಯಿತು. ಬುಡದಲ್ಲಿ ಎರಡು ದುಂಡನೆಯ ಕರಿ ಚುಕ್ಕೆ.

"ಹರಳು ಉಳದಂಗ ಕಾಣ್ತದ. ಮತ್ತೊಮ್ಮೆ ಹೊಟ್ಟಿ ಕೊಯ್ಯಬೇಕಾಗ್ತದ್ರಿ," ಎಂದರು ಡಾಕ್ಟರು.

ಅವ್ವ ಮಂಚದ ಅಂಚನ್ನು ಹಿಡಿದುಕೊಂಡಳು. "ಇನ್ನೊಮ್ಮೆ ನನ್ನ ಕೈಲಿ ಆಗಂಗಿಲ್ರಿ ಸಾಹೇಬ್ರ. ಮನಿಗಿ ಕಳಸ್ರಿ, ಸತ್ರ ಅಲ್ಲೇ ಸಾಯ್ತೀನಿ."

ಆಗ ನಾನು ಹೇಳಿದೆ, ಅವ್ವ ಮುಂಜಾನೆ ನಳಿಗೆ ಊದಿದ್ದಳೆಂದು. ಡಾಕ್ಟರು ಫಿಲ್ಮು ಕೆಳಗಿಳಿಸಿ ಅವಳನ್ನೇ ನೋಡಿದರು.

"ಅಲ್ರೀ ಅವ್ವಾರ, ಇದನ್ನೇನ ಪುಂಗಿ ಅಂತ ತಿಳದ್ರೇನು? ಹಂಗಾದ್ರ ಇವು ಗಾಳಿಗುಳ್ಳಿನೂ ಇರಬಹುದು. ತಡೀರಿ, ಇನ್ನೊಂದ ಫೋಟೋ ತಗದ ನೋಡೂಣು."

ನಳಿಗೆಯನ್ನು ತೊಳೆದು ಎರಡು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆದರು. ಚುಕ್ಕೆಗಳಿರಲಿಲ್ಲ. ಔಷಧ ತಡೆಯಿಲ್ಲದೆ ಕರುಳಿಗೆ ಇಳಿದಿತ್ತು. ಮುಂದೆ ನಳಿಗೆಯನ್ನೂ ಎಳೆದು ತೆಗೆದರು. ಕೊಯ್ಯುವ ಮಾತು ಮತ್ತೆ ಬರಲಿಲ್ಲ.

ಊದಿದ್ದನ್ನು ಹೇಳಿದವಳು ನಾನೆಂದು ಬರೆದಿದ್ದೇನೆ. ಅವ್ವ ಇದನ್ನು ಒಪ್ಪಲೇ ಇಲ್ಲ. "ನೀ ಎಲ್ಲಿ ಬಾಯಿ ಬಿಟ್ಟಿ? ಆ ಫೋಟೋ ನೋಡಕೋತ ಗೊಂಬಿ ಹಂಗ ನಿಂತಿದ್ದಿ. ನಾಚಿಕಿ ಬಿಟ್ಟ ನಾನ ಹೇಳೀನಿ," ಎನ್ನುತ್ತಿದ್ದಳು. ನಾನು ವಾದಿಸುತ್ತಿದ್ದೆ.

ಈಗ ಅನುಮಾನ. ಫಿಲ್ಮಿನ ಒಂದೊಂದು ಕವಲೂ ಕಣ್ಣಿಗೆ ಕಟ್ಟಿದೆ. ಆದರೆ ನಾನು ಆಡಿದೆನೆನ್ನುವ ಆ ಮಾತನ್ನು ನೆನಪಿನಲ್ಲಿ ಕೇಳಿಸಿಕೊಳ್ಳಲು ಹೋದಾಗಲೆಲ್ಲ ಬರುವುದು ಅವಳ ದನಿಯೇ: "ನಾ ಊದೀನ್ರಿ ಸಾಹೇಬ್ರ."