ಎಂಟು ಹಲ್ಲಿನ ಮರಿ

ಮೊಬೈಲು ಬಂದು ಅಂಧರ ಬಾಳಿಗೆ ಬೆಳಕಾಯಿತು ಎಂದು ಎಲ್ಲರೂ ಹೇಳುತ್ತಾರೆ. ಚರ್ಚಾಸ್ಪರ್ಧೆಯಲ್ಲಿ ಇದನ್ನೇ ಹೇಳಿ ನಾನೂ ಒಂದು ಕಪ್ ಗೆದ್ದಿದ್ದೇನೆ. ಈಗ ಎದುರು ಪಕ್ಷ ಸೇರಿದ್ದೇನೆ. ನಂಬದವರು ಗುಮ್ಮಘಟ್ಟದ ತಿಪ್ಪೇಸ್ವಾಮಣ್ಣನ ಪಕ್ಕ ಕೂತು ಅವನ ವಾಟ್ಸಾಪು ಕೇಳಬೇಕು.

ಹೌದು, ಕೇಳಬೇಕು. ಹುಟ್ಟಿನಿಂದ ಕಣ್ಣಿಲ್ಲದ ಅವನು ಕುರಿ ಸಾಕಿ ಮಾರುತ್ತಾನೆ. ಪರದೆಯ ಮೇಲಿನದನ್ನೆಲ್ಲ ಫೋನು ಅವನಿಗೆ ಓದಿ ಹೇಳುತ್ತದೆ. ಅದರ ವೇಗಕ್ಕೆ, ಮಡಕಶಿರಾದಲ್ಲೆಲ್ಲ ಬಾಯಿಬಡುಕನೆಂದು ಹೆಸರಾದ ನನಗೇ ತಲೆ ತಿರುಗುತ್ತದೆ. ಆದರೆ ಚಿತ್ರ ಬಂದರೆ ಮಾತ್ರ "ಫೋಟೋ" ಎಂದು ಹೇಳಿ ಸುಮ್ಮನಾಗುತ್ತದೆ. ರಾಯದುರ್ಗದ ಕುರಿಯವರ ಗ್ರೂಪಿನಲ್ಲಿ ದಿನವಿಡೀ ಫೋಟೋಗಳೇ. ಅವನು ಜಗಳವಾಡಿ ಒಂದು ನಿಯಮ ತಂದ: ಫೋಟೋ ಹಾಕಿದವರು ಹಲ್ಲೆಷ್ಟು, ಬಣ್ಣ ಯಾವುದು, ಕಾಲು ನೆಟ್ಟಗಿದೆಯೇ, ಬರೆಯಲೇಬೇಕು. ಕುಂಟುವುದು ಫೋಟೋದಲ್ಲಿ ಕಾಣುವುದಿಲ್ಲವಲ್ಲ, ಕಣ್ಣಿದ್ದವರಿಗೂ ಉಪಕಾರವಾಯಿತು. ಬೆರಳಲ್ಲಿ ಹಲ್ಲು ಸವರಿಯೇ ಕುರಿಯ ವಯಸ್ಸು ಹೇಳುವ ಅವನೊಡನೆ ಹಲ್ಲಿನ ವಿಷಯಕ್ಕೆ ವಾದಿಸದವರಿಲ್ಲ. "ನಿನ್ನ ಬೆರಳಿಗೂ ಚಾಳೀಸು ಬಂತೇನಪಾ?" ಎಂದು ಯಾರಾದರೂ ಛೇಡಿಸಿದ ದಿನ ಅವನಿಗೆ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಇಂಥ ಕಡೆ ನಾನು ಸಮಾಜಸೇವೆಗೆ ಇಳಿದೆ. ಅವನು ಟಗರಿನ ಬಾಯಿ ಬಿಡಿಸಿ ಹಲ್ಲು ಸವರುವುದನ್ನು ವಿಡಿಯೋ ಮಾಡಿದೆ. "ಫೋನ್ ಹಿಡಕಂಡು ನಿಂತೀಯೇನು? ಬಂದು ಕಾಲು ಹಿಡೀಲೇ!" ಎಂದು ಅವನು ನನ್ನನ್ನು ಬೈಯುತ್ತಿದ್ದ. ಆ ಮಾತು ಅಳಿಸಿ, ಕರುಳು ಹಿಂಡುವ ಕೊಳಲು ಕೂರಿಸಿ, ಅವನನ್ನು ಕೇಳದೆಯೇ ಆ ಗ್ರೂಪಿಗೂ ಹೊರಗೂ ಹರಿಬಿಟ್ಟೆ. ಜನ ಕಣ್ಣೀರಿಟ್ಟರು. ಕುರಿಯವರೂ ಇಟ್ಟರು. ಅಂದಿನಿಂದ ಗ್ರೂಪಿನಲ್ಲಿ ಅವನ ಮಾತಿಗೆ ಎದುರಿಲ್ಲ. ಏನು ಬರೆದರೂ ಸಾಲು ಸಾಲು ನಮಸ್ಕಾರದ ಇಮೋಜಿ. ಫೋನು ಒಂದನ್ನೂ ಬಿಡದೆ "ಮುಗಿದ ಕೈಗಳು, ಮುಗಿದ ಕೈಗಳು" ಎಂದು ಜಪಿಸುತ್ತದೆ.

ಮೊನ್ನೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಗ್ರೂಪಿಗೆ ಒಂದು ಸುಳ್ಳು ಬಿಟ್ಟ: "ಎಂಟು ಹಲ್ಲಿನ ಟಗರು ಐತಿ, ಇನ್ನೂ ಹಾಲು ಕುಡಿಯೋ ಮರಿ." ಎಂಟು ಹಲ್ಲು ಬಂದ ಟಗರಿಗೆ ಮರಿತನ ಮುಗಿದು ವರ್ಷಗಳಾಗಿರುತ್ತವೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಉತ್ತರ ಬಂತು: "ಹೌದ್ರಿ ಅಣ್ಣಾ." ಮುಗಿದ ಕೈಗಳು.

"ಕೇಳಿದೇನು? ಒಬ್ಬನರ ಬೈದನೇನು? ನಾಳೆ ನಾ ಖರೇನ ತಪ್ಪಿದ್ರ ಹೇಳೋರ್ಯಾರು? ವ್ಯಾಪಾರ ಹೆಂಗ ಮಾಡ್ಲಿ?"

"ಒಳ್ಳೇದಾಗ್ಲಿ ಅಂತ್ಲೇ ಹಾಕಿದ್ದು ಕಣಣ್ಣ. ಎಷ್ಟು ಜನ ನೋಡವ್ರೆ ಗೊತ್ತಾ?" ಎಂದೆ. ಕಪ್ ಗೆದ್ದವನ ವಾದ ಇಷ್ಟೇ.

"ನೋಡ್ಲಿ ಬಿಡು. ಗ್ರೂಪಿನ ನಿಯಮ ನಿನಗೂ ಐತಿ. ಆ ವಿಡಿಯೋದಾಗ ಏನೈತಿ, ಬರಿ."

ಬರೆದೆ: 'ತಿಪ್ಪೇಸ್ವಾಮಣ್ಣ ಟಗರಿನ ಹಲ್ಲು ಮುಟ್ಟಿ ನೋಡುತ್ತಿದ್ದಾನೆ. ಏನೋ ಹೇಳುತ್ತಿದ್ದಾನೆ.' ಅವನ ಫೋನು ಅದನ್ನು ಗಡಗಡ ಓದಿತು.

"ಏನೋ ಅಂದ್ರ? ನನ್ನ ಬಾಯಿ ಆಡೋದು ಅಷ್ಟು ಮಂದಿಗೆ ಕಂಡೈತಲ್ಲ ತಮ್ಮಾ. ಏನು ಹೇಳಾಕತ್ತಾನ ಅಂತ ಒಬ್ಬನರ ನಿನ್ನ ಕೇಳಿದನೇನು?"