ರೈಲಕ್ಕನ ಕೈ ಸೋತ ದಿನ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ರೈಲಕ್ಕ ಎಂದು ಮೊದಲು ಕರೆದವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ನೋಡಿಯೇ ಕರೆದಿದ್ದಾರೆ. ಟೊಮೆಟೊ ಬಿಡಿಸಲು ನಿಂತರೆ ಅವಳದು ಮೊದಲ ಸಾಲು. ಅವಳ ಪಕ್ಕದ ಸಾಲು ನನ್ನದು, ನನ್ನ ಪಕ್ಕದ್ದು ನಾವೆಲ್ಲ ಗಡಿಬಿಡಿ ಎಂದು ಕರೆಯುವವಳದು, ಆಮೇಲೆ ಉಳಿದ ಹೆಂಗಸರದು. ಅವಳು ಎಂಜಿನ್ನು, ನಾವೆಲ್ಲ ಬೋಗಿಗಳು. ಎಂಜಿನ್ನು ಎಳೆದ ಕಡೆ ಬೋಗಿ ಹೋಗಲೇಬೇಕಲ್ಲ, ಸೊಂಟ ಹಿಡಿದುಕೊಂಡು ಹೋಗುತ್ತಿದ್ದೆವು.

ಅವಳ ಕೈ ನೋಡಬೇಕಿತ್ತು. ತೊಟ್ಟಿನ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಒಂದು ಚೂರು ತಿರುವಿದರೆ ಹಣ್ಣು ಅಂಗೈಯಲ್ಲಿ. ಎರಡು ಕೈ ಎರಡು ಗೊಂಚಲಿನಲ್ಲಿ ಒಟ್ಟಿಗೆ ಆಡುತ್ತಿದ್ದವು. ಒಂದು ಕಾಯಿ ಉದುರುತ್ತಿರಲಿಲ್ಲ, ಒಂದು ಕೊಂಬೆ ಮುರಿಯುತ್ತಿರಲಿಲ್ಲ. ಕಣ್ಣು ಆಗಲೇ ಮುಂದಿನ ಗಿಡದ ಮೇಲಿರುತ್ತಿತ್ತು. ಆ ಕೈಯ ಬಗ್ಗೆ ಅವಳಿಗೆ ಜಂಬವೂ ಇತ್ತು. ಇರಲಿ ಬಿಡಿ, ನಮ್ಮಂಥವರಿಗೆ ಜಂಬಪಡಲು ಇನ್ನೇನಿದೆ.

ಆದರೆ ಆ ಕೈಯೇ ನಮ್ಮ ಕುತ್ತಿಗೆಗೆ ಬಂತು. ನಮ್ಮ ತೋಟದಲ್ಲಿ ಪ್ರತಿ ಬೆಳೆಯ ಮೊದಲ ಕೊಯ್ಲಿನ ದಿನವನ್ನು ಅಳತೆ ದಿನ ಎನ್ನುತ್ತಾರೆ. ಅವತ್ತು ಧಣಿ ಕೈಗಡಿಯಾರ ನೋಡುತ್ತ ಮೊದಲ ಸಾಲಿನ ತಲೆಗೆ ನಿಲ್ಲುತ್ತಾನೆ. ಆ ಮೊದಲ ಸಾಲಿನವಳು ಒಂದು ಗಂಟೆಯಲ್ಲಿ ಎಷ್ಟು ಕ್ರೇಟು ತುಂಬುತ್ತಾಳೋ ಅದನ್ನೇ ಇಡೀ ದಿನಕ್ಕೆ ಗುಣಿಸಿ, ಆ ಬೆಳೆ ಮುಗಿಯುವವರೆಗೆ ಎಲ್ಲರೂ ದಿನಕ್ಕಿಷ್ಟು ತುಂಬಬೇಕು ಎಂದು ಗೊತ್ತು ಮಾಡುತ್ತಾನೆ. ತುಂಬದವಳಿಗೆ ಅರ್ಧ ಕೂಲಿ. ಮೊದಲ ಸಾಲಿನವಳನ್ನು ಯಾರೂ ದಾಟುವಂತಿಲ್ಲ, ಅವಳು ನಿಂತರೆ ಎಲ್ಲರೂ ನಿಲ್ಲಬೇಕು. ಹೋದ ವರ್ಷ ರೈಲಕ್ಕ ಗಂಟೆಗೆ ಐದು ತುಂಬಿದಳು. ಧಣಿ ಅವಳಿಗೆ ಒಂದು ಕುಕ್ಕರು ಕೊಟ್ಟ, ಕೂಲಿಯವರ ಲೈನಿನಲ್ಲಿ ಕಿಟಕಿಯಿರುವ ಒಂದೇ ಒಂದು ಕೋಣೆಯನ್ನೂ ಕೊಟ್ಟ. ನಮಗೆ ಐದು ಕೊಟ್ಟ.

ಐದು ಎಂದರೇನು ಎಂದು ಬಿಡಿಸದವರಿಗೆ ತಿಳಿಯುವುದಿಲ್ಲ. ನಾವ್ಯಾರೂ ಗಂಟೆಗೆ ಐದು ತುಂಬುವವರಲ್ಲ. ಊಟದ ಹೊತ್ತನ್ನು ನುಂಗಿ, ಸಂಜೆಯನ್ನು ಎಳೆದು, ಹೇಗೋ ಲೆಕ್ಕ ಮುಟ್ಟಿಸುತ್ತಿದ್ದೆವು. ನೀರನ್ನಂತೂ ಕುಡಿಯುವಂತೆಯೇ ಇರಲಿಲ್ಲ. ಕುಡಿದರೆ ಹೊರಗೆ ಹೋಗಬೇಕು. ಹೋಗಬೇಕೆಂದರೆ ಪಂಪುಮನೆಯ ಹಿಂದಿನ ಪೊದೆಯವರೆಗೆ ನಡೆಯಬೇಕು. ನಡೆದು ಬರುವಷ್ಟರಲ್ಲಿ ಒಂದು ಕ್ರೇಟು ಹೋಯಿತು, ಅದರ ಹಿಂದೆ ಅರ್ಧ ಕೂಲಿ ಹೋಯಿತು. ಬಾಯಿ ಒಣಗಿಸಿಕೊಂಡು, ಒಳಗೆಲ್ಲ ನೀರೇ ಇರುವ ಹಣ್ಣನ್ನು ದಿನವಿಡೀ ಬಿಡಿಸುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ನಾನು ಸಾಲಿನ ನಡುವೆಯೇ ಬಿದ್ದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ಮೂತ್ರ ಕೆಂಪಾಗಿತ್ತು. ಡಾಕ್ಟರಮ್ಮ ಮಂಚದ ಪಕ್ಕ ನಿಂತು ಹೇಳಿದಳು, "ನಿನ್ನ ಕಿಡ್ನಿ ಆಗ್ಲೇ ಅರ್ಧ ಹಾಳಾಗಿದೆ. ಇನ್ನೊಂದು ಬೇಸಿಗೆ ಹೀಗೇ ಕೆಲಸ ಮಾಡಿದ್ರೆ ನನ್ನ ಹತ್ರ ಬಂದ್ರೂ ಪ್ರಯೋಜನ ಇಲ್ಲ. ನೀರು ಕುಡೀಬೇಕು, ತಡ್ಕೊಂಡು ಕೂರ್ಬಾರ್ದು. ಅಷ್ಟೇ." ಅಷ್ಟೇ, ಎಷ್ಟು ಸುಲಭ. ಕೆಲಸ ಬಿಡೋಣವೆಂದರೆ ಕೋಣೆ ತೋಟದ್ದು. ನಮ್ಮಿಬ್ಬರ ಗಂಡಂದಿರೂ ಅಲ್ಲೇ ಲಾರಿಗೆ ಕ್ರೇಟು ಹೊರುತ್ತಾರೆ. ಕೂಲಿ ಹೆಚ್ಚು ಮಾಡಿ ಎಂದು ಕೇಳಿದ ಒಬ್ಬಳ ಪಾತ್ರೆಪಡಗ ಮಧ್ಯಾಹ್ನವಾಗುವುದರೊಳಗೆ ರಸ್ತೆಗೆ ಬಂದದ್ದನ್ನು ಲೈನಿನವರೆಲ್ಲ ನೋಡಿದ್ದರು.

ಆಸ್ಪತ್ರೆಗೆ ಬಂದ ರೈಲಕ್ಕ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಬೈದದ್ದು. ಮೈ ನೋಡಿಕೊಳ್ಳಲು ಬರದವಳು ಕೆಲಸಕ್ಕೆ ಯಾಕೆ ಬರಬೇಕು ಎಂದಳು. ಆಮೇಲೆ ಒಂದು ವರ್ಷ ನಾನು ಅವಳ ಮುಖ ನೋಡಿ ಸರಿಯಾಗಿ ಮಾತಾಡಲಿಲ್ಲ. ಅವಳ ಕುಕ್ಕರು ಸೀಟಿ ಹೊಡೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಹೌದು, ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈ ವರ್ಷದ ಅಳತೆ ದಿನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಮಡಿಲಲ್ಲಿ ಒಂದಷ್ಟು ಬೆಳ್ಳುಳ್ಳಿ.

"ಬಾಗಿಲು ಹಾಕು," ಎಂದಳು.

"ಯಾಕೆ, ಕದ್ದ ಬೆಳ್ಳುಳ್ಳೀನಾ?"

ಅವಳು ನಗಲಿಲ್ಲ. ಗೋಡೆಗೊರಗಿ ಕುಳಿತಳು. "ಈ ಸಲ ನಾಲ್ಕೇ ತುಂಬ್ತೀನಿ ಕಣೇ. ನಾಲ್ಕಾದ್ರೆ ನೀನು ನೀರು ಕುಡಿದು, ಹೋಗಿ ಬಂದು, ಲೆಕ್ಕ ಮುಟ್ಟಿಸಬಹುದು. ಐದಾದ್ರೆ ನೀನು ಈ ಬೇಸಿಗೆ ದಾಟಲ್ಲ. ಅದು ನಂಗೂ ಗೊತ್ತು."

ನಾನು ಬಾಗಿಲ ಚಿಲಕ ಹಾಕಿ ಬಂದು ಅವಳ ಎದುರಿಗೆ ಕುಳಿತೆ.

"ಆದ್ರೆ ಈ ಕೈ ನನ್ನ ಮಾತು ಕೇಳಲ್ಲ," ಎಂದು ಬೆಳ್ಳುಳ್ಳಿ ಬಿಡಿಸಲು ಕುಳಿತಳು. ಮೊದಲ ಎಸಳನ್ನು ಹಸುಗೂಸಿನ ಬಟ್ಟೆ ಬಿಚ್ಚುವ ಹಾಗೆ ನಿಧಾನವಾಗಿ ಬಿಡಿಸಿದಳು, ಎರಡನೆಯದನ್ನೂ ಹಾಗೇ. ಅಷ್ಟರಲ್ಲಿ ನಾನು ಅವಳ ಮಗಳ ಸಮಾಚಾರ ಕೇಳಿದೆ. ಅವಳು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬೆಳ್ಳುಳ್ಳಿ ಪೂರ್ತಿ ಬಿಡಿಸಿ ಆಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡ. ಬೇಕಂತ ನಿಧಾನ ಮಾಡಿದ್ದು ಅಂತ ಧಣಿಗೆ ಗೊತ್ತಾದ್ರೆ ಎರಡೂ ಮನೆಯವರು ಬೀದಿಗೆ. ನೀನು ಪಕ್ಕದ ಸಾಲಲ್ಲೇ ಇರ್ತೀಯಲ್ಲ, ನನ್ನ ಕೈ ಓಡ್ತು ಅಂದ್ರೆ ಕೆಮ್ಮು."

"ಉಳಿದವರಿಗೆ?"

"ಯಾರಿಗೂ ಬೇಡ. ಒಬ್ಬಳಿಗೆ ಹೇಳಿದ್ರೆ ಗಡಿಬಿಡಿ ಕಿವಿಗೆ ಬೀಳುತ್ತೆ. ಅವಳಿಗೆ ಹೇಳೋದೂ ಒಂದೇ, ಧಣಿಗೆ ಹೇಳೋದೂ ಒಂದೇ."

ಅದು ನಿಜವೇ. ಗಡಿಬಿಡಿಗೆ ಮೊದಲ ಸಾಲಿನ ಮೇಲೆ ಕಣ್ಣಿದ್ದದ್ದು ಇಂದು ನಿನ್ನೆಯಿಂದಲ್ಲ. ಎದ್ದು ಹೋಗುವಾಗ ರೈಲಕ್ಕ ಬಾಗಿಲ ಬಳಿ ನಿಂತು, "ಅವತ್ತು ಆಸ್ಪತ್ರೇಲಿ ಬೈದೆ ನಿಂಗೆ. ಬೈಯೋದು ಸುಲಭ ಅನ್ನಿಸ್ತು," ಎಂದಳು. ಒಂದು ವರ್ಷದ ಸಿಟ್ಟು ಅಲ್ಲೇ ಪೂರ್ತಿ ಇಳಿಯಿತು ಎಂದರೆ ನಂಬಬೇಡಿ. ಅರ್ಧ ಇಳಿಯಿತು.

ಅಳತೆ ದಿನ ಬೆಳಗ್ಗೆ ಗಿಡಗಳ ಮೇಲೆ ಇನ್ನೂ ತೇವವಿತ್ತು. ಧಣಿ ಸಾಲಿನ ತಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತ. ಗಡಿಯಾರ ನೋಡಿ "ಹೂಂ" ಎಂದ. ರೈಲಕ್ಕ ಮೊದಲ ಗಿಡಕ್ಕೆ ಕೈ ಹಾಕಿದಳು, ಅವಳ ಹಿಂದೆ ನಾವೆಲ್ಲ.

ಮೊದಲ ಕ್ರೇಟು ಚೆನ್ನಾಗಿಯೇ ಹೋಯಿತು. ಅವಳು ತುಟಿ ಕಚ್ಚಿಕೊಂಡು, ಒಂದೊಂದೇ ಹಣ್ಣನ್ನು ನೋಡಿ ಬಿಡಿಸುತ್ತಿದ್ದಳು. ಕೈ ಸ್ವಲ್ಪ ಓಡಿತು, ನಾನು ಕೆಮ್ಮಿದೆ, ನಿಧಾನವಾಯಿತು. ಮತ್ತೆ ಓಡಿತು, ಮತ್ತೆ ಕೆಮ್ಮಿದೆ. ಎರಡನೆಯ ಕ್ರೇಟು ತುಂಬುವಾಗ ಧಣಿ ಕುರ್ಚಿಯಿಂದ ಎದ್ದು ನಮ್ಮ ಸಾಲುಗಳ ನಡುವೆ ಬಂದ.

"ಏನಮ್ಮ ಅದು ಕೆಮ್ಮು? ಪೇಟೆಗೆ ಹೋಗೋ ಹಣ್ಣು ಇದು. ಇನ್ನೊಂದು ಸಲ ಕೆಮ್ಮಿದ್ರೆ ಮನೆಗೆ ಹೋಗಿ ಮಲಕ್ಕೋ, ನಾಳೆಯಿಂದ ಬರೋದೂ ಬೇಡ."

"ಇಲ್ಲ ಧಣಿ, ಕಡಿಮೆ ಆಯ್ತು," ಎಂದೆ. ಅವನು ಹೋಗಲಿಲ್ಲ. ಅಲ್ಲೇ, ನನ್ನ ಬೆನ್ನ ಹಿಂದೆಯೇ ನಿಂತ.

ರೈಲಕ್ಕನಿಗೆ ನನ್ನ ಕೆಮ್ಮು ಕೇಳಿಸುವುದು ನಿಂತಿತು, ಅವಳ ಕೈ ಓಡತೊಡಗಿತು. ಅವಳಿಗೆ ಅದು ಗೊತ್ತೇ ಇರಲಿಲ್ಲ, ಬೆನ್ನು ನೋಡಿದರೆ ತಿಳಿಯುತ್ತಿತ್ತು. ಹೆದರಿಕೆಯಲ್ಲಿ ಮನಸ್ಸು ಧಣಿಯ ಮೇಲೆ ಹೋಗಿ, ಕೈ ತನ್ನಷ್ಟಕ್ಕೆ ತಾನು ಹಳೆಯ ದಾರಿ ಹಿಡಿದಿತ್ತು. ಮೂರನೆಯ ಕ್ರೇಟು ನೋಡನೋಡುತ್ತ ತುಂಬಿತು. ನಾಲ್ಕನೆಯದಕ್ಕೆ ಕೈ ಹಾಕಿದಳು. ಇದೇ ಓಟದಲ್ಲಿ ಹೋದರೆ ಮತ್ತೆ ಐದನ್ನು ಮುಟ್ಟಿಯೇ ಬಿಡುತ್ತದೆ. ನನ್ನ ಗಂಟಲಲ್ಲಿ ಕೆಮ್ಮು ಮುಳ್ಳಿನಂತೆ ನಿಂತಿತ್ತು. ಕೆಮ್ಮಿದರೆ ಇವತ್ತೇ ಕೆಲಸ ಹೋಗುತ್ತದೆ, ಕೆಮ್ಮದಿದ್ದರೆ ಬೇಸಿಗೆಯಲ್ಲಿ ನಾನೇ ಹೋಗುತ್ತೇನೆ. ಹಿಂದೆ ಧಣಿಯ ಚಪ್ಪಲಿ ಸದ್ದು.

"ಅಕ್ಕಾ, ನೀರು," ಎಂದೆ.

ಆ ತೋಟದಲ್ಲಿ ಸಾಲಿನ ನಡುವೆ ಯಾರೂ ಕೇಳದ ಮಾತು ಅದು. ರೈಲಕ್ಕ ಬೆಚ್ಚಿ ನಿಂತಳು. ಅವಳು ನಿಂತದ್ದೇ ತಡ, ಸಾಲು ಸಾಲೇ ನಿಂತಿತು. ತನ್ನ ಮುಂದಿದ್ದ ತುಂಬಿದ ಕ್ರೇಟುಗಳನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾಕೆ ನಿಂತೆ?" ಎಂದ ಧಣಿ. "ಮೊದಲು ಆಮೆ ಹಾಗೆ ಹೋದೆ, ಆಮೇಲೆ ಓಡಿದೆ, ಈಗ ನಿಂತೆ. ಏನು ಆಟ ಇದು?"

ರೈಲಕ್ಕ ಕೈಯಲ್ಲಿದ್ದ ಹಣ್ಣನ್ನು ಕ್ರೇಟಿಗೆ ಹಾಕಲು ಹೋದಳು. ಹಣ್ಣು ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಅವಳ ಕೈಯಿಂದ ಹಣ್ಣು ಬಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಆಟ ಅಲ್ಲ ಧಣಿ," ಎಂದಳು. "ಕೈ ಸೋತಿದೆ. ಸ್ವಲ್ಪ ಓಡುತ್ತೆ, ಆಮೇಲೆ ಹೆಬ್ಬೆರಳು ಮರಗಟ್ಟುತ್ತೆ. ಯಾರಿಗೂ ಹೇಳಿರ್ಲಿಲ್ಲ. ನಾಚಿಕೆ ಆಗ್ತಿತ್ತು."

ಕಾಲು ಮುರಿದಿದೆ ಎಂದಿದ್ದರೂ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಧಣಿ ಒಡೆದ ಹಣ್ಣನ್ನು ನೋಡಿದ, ಅವಳ ಮುಖ ನೋಡಿದ, ನಂಬಿದ.

"ಹಾಗಾದ್ರೆ ನಿನ್ನ ಅಳತೆ ಹಿಡಿದು ನಾನೇನು ಮಾಡ್ಲಿ? ಮೊದಲ್ನೇ ಸಾಲಿಗೆ ಯಾರನ್ನ ಹಾಕ್ಲಿ?"

"ಗಡಿಬಿಡಿ ಇದ್ದಾಳಲ್ಲ ಧಣಿ. ಈಗ ನನಗಿಂತ ಅವಳೇ ಚುರುಕು."

ಅವಳ ಬಾಯಿ ಮುಚ್ಚಿಸಬೇಕು ಅನ್ನಿಸಿತು ನನಗೆ. ಊರಲ್ಲಿ ಯಾರೂ ಸಿಗಲಿಲ್ಲವೇ ಇವಳಿಗೆ? ಗಡಿಬಿಡಿ ಆಗಲೇ ತೋಳು ಮೇಲೇರಿಸಿಕೊಂಡು ಮುಂದೆ ಬಂದಿದ್ದಳು. ರೈಲಕ್ಕ ತಲೆ ತಗ್ಗಿಸಿ, ಎಲ್ಲರ ಎದುರಿಗೆ ನಡೆದು, ಕೈಲಾಗದ ಮುದುಕಿಯರು ನಿಲ್ಲುವ ಕೊನೆಯ ಸಾಲಿಗೆ ಹೋದಳು. ಧಣಿ ಮತ್ತೆ ಗಡಿಯಾರ ನೋಡಿದ.

ಗಡಿಬಿಡಿ ಬಿಡಿಸಿದ್ದನ್ನು ಬಿಡಿಸುವುದು ಎನ್ನಬೇಕೋ ಜಗಳ ಎನ್ನಬೇಕೋ. ಎಲೆ ಹಾರಿತು, ಕೊಂಬೆ ಮುರಿಯಿತು, ಬೆವರು ಕಿತ್ತು ಬಂತು. ಇವತ್ತಲ್ಲದಿದ್ದರೆ ಇನ್ನು ಯಾವತ್ತು ಎನ್ನುವ ಹಾಗೆ ಅವಳು ನುಗ್ಗುತ್ತಿದ್ದಳು. ಮುಗಿಯಿತು ನನ್ನ ಕಥೆ ಅಂದುಕೊಂಡು ನಾನು ಹಿಂದೆ ಹಿಂದೆ ಹೋದೆ. ಆದರೆ ಹೋಗುತ್ತ ಹೋಗುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಟ್ಟ ಹಣ್ಣಿಗೆ ಹಿಂದೆ ತಿರುಗುತ್ತಾಳೆ, ಉದುರಿದ್ದನ್ನು ಬಗ್ಗಿ ಆರಿಸುತ್ತಾಳೆ, ಬೆವರು ಒರೆಸುತ್ತಾಳೆ, ಕ್ರೇಟನ್ನು ಎಳೆದಾಡುತ್ತಾಳೆ. ಹೋದ ವರ್ಷವೆಲ್ಲ ಅವಳು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಬಿಡಿಸಿ ಲೆಕ್ಕ ಮುಟ್ಟಿಸಿದ್ದು ನೆನಪಾಯಿತು.

ಗಂಟೆ ಮುಗಿದಾಗ ನಾಲ್ಕು ಕ್ರೇಟು ತುಂಬಿತ್ತು. ಐದನೆಯದರಲ್ಲಿ ತಳ ಮಾತ್ರ ಮುಚ್ಚಿತ್ತು. ಗಡಿಬಿಡಿ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದಳು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆ ಸ್ಥಿತಿಯಲ್ಲಿರುವವಳು ಬೇಕೆಂದೇ ನಿಧಾನ ಮಾಡಿದಳು ಎಂದು ಯಾವ ಧಣಿಯೂ ಹೇಳಲಾರ.

"ನಾಲ್ಕು," ಎಂದ ಅವನು, ಮುಖ ಸಿಂಡರಿಸಿಕೊಂಡು.

ನಾನು ತಿರುಗಿ ಕೊನೆಯ ಸಾಲಿನ ಕಡೆ ನೋಡಿದೆ. ರೈಲಕ್ಕ ಗಿಡದಿಂದ ತಲೆ ಎತ್ತಲಿಲ್ಲ. ಅಷ್ಟು ವರ್ಷ ಆ ಗಡಿಬಿಡಿಯನ್ನು ಬೆನ್ನ ಹಿಂದೆ ಕೇಳಿಸಿಕೊಂಡವಳು ಅವಳು. ಆ ಕೈಗೆ ಎಷ್ಟು ಆಗುತ್ತದೆ ಎಂದು ಗಡಿಬಿಡಿಗೇ ತಿಳಿಯದಿದ್ದರೂ ರೈಲಕ್ಕನಿಗೆ ತಿಳಿದಿತ್ತು. ಉಳಿದ ಅರ್ಧ ಸಿಟ್ಟು ನನ್ನಲ್ಲಿ ಎಲ್ಲಿ ಹೋಯಿತೋ, ಕಣ್ಣು ಒರೆಸಿಕೊಳ್ಳಲು ನೋಡಿದರೆ ಕೈಯೆಲ್ಲ ಗಿಡದ ಹಸಿರು ಜಿಗಟು.

ಕಿಟಕಿಯಿರುವ ಕೋಣೆ ಗಡಿಬಿಡಿಗೆ ಹೋಯಿತು. ರೈಲಕ್ಕ ತನ್ನ ಪಾತ್ರೆ, ಹಾಸಿಗೆ, ಗಂಡನನ್ನು ಕಟ್ಟಿಕೊಂಡು ಗೊಬ್ಬರದ ಉಗ್ರಾಣದ ಪಕ್ಕದ ಕೋಣೆಗೆ ಬಂದಳು. ಅಲ್ಲಿ ಉಸಿರು ಬಿಗಿಹಿಡಿದು ಉಣ್ಣಬೇಕು. ಗಡಿಬಿಡಿ ಬಾಯಿ ಸುಮ್ಮನಿರಲಿಲ್ಲ. ಸಂಜೆ ನಲ್ಲಿಯ ಹತ್ತಿರ ಹಸಿ ಟೊಮೆಟೊ ಹಿಂಡಿ ಕೈಯ ಕರೆ ತೊಳೆಯುವಾಗ, "ಹೆಬ್ಬೆರಳು ಹೀಗಿಡ್ಬೇಕು ರೈಲಕ್ಕ, ಹೀಗೆ. ಕಲಿಸ್ಕೊಡ್ಲಾ?" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿದು ಬಾಯಿ ತೆರೆದರೆ, ರೈಲಕ್ಕ ನನ್ನ ತೊಡೆ ಚಿವುಟುತ್ತಿದ್ದಳು. "ಹೌದು ಕಣಮ್ಮ, ನಿನ್ನ ಹಾಗೆ ನಮಗೆಲ್ಲಿ ಬರ್ಬೇಕು," ಎನ್ನುತ್ತಿದ್ದಳು.

ಮೈ ಸರಿಯಿಲ್ಲ ಎಂದು ಹೇಳಿ ನಾನೂ ಹಿಂದಿನ ಸಾಲು ಕೇಳಿಕೊಂಡೆ, ಅವಳ ಪಕ್ಕದ್ದು. ಬೇಸಿಗೆ ಬಂತು. ನಾಲ್ಕರ ಲೆಕ್ಕದಲ್ಲಿ ಹೆಂಗಸರು ಕುಳಿತು ಉಂಡರು, ನೀರಿನ ಕ್ಯಾನು ಸಾಲಿನಿಂದ ಸಾಲಿಗೆ ಹೋಯಿತು. ಆದರೆ ನನಗೆ ಬಿಸಿಲೇರಿದಾಗ ನಾಲ್ಕೂ ಕಷ್ಟವಾಗುತ್ತಿತ್ತು. ಅಂಥದ್ದೇ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಗಿಡಕ್ಕೆ ಊರಿದ ಕೋಲು ಹಿಡಿದು ನಿಂತೆ. ಕ್ರೇಟು ಖಾಲಿಯಿತ್ತು. ಸಾಲಿನ ಆ ತಲೆಯಲ್ಲಿ ಧಣಿ ಲಾರಿಯವನ ಜೊತೆ ಮಾತಾಡುತ್ತಿದ್ದ.

"ಹೋಗು," ಎಂದಳು ರೈಲಕ್ಕ. "ನೀರು ಕುಡಿ, ಹೊರಗೆ ಹೋಗಿ ಬಾ. ಅವಸರ ಮಾಡ್ಬೇಡ."

ಹೋದೆ. ನೆರಳಲ್ಲಿ ಕುಳಿತು ಹೊಟ್ಟೆ ತುಂಬ ನೀರು ಕುಡಿದೆ. ಪಂಪುಮನೆಯ ಹಿಂದೆ ಹೋಗಿ ನಿಧಾನವಾಗಿ ನಡೆದು ಬಂದೆ. ಬಂದು ನೋಡಿದರೆ ನನ್ನ ಕ್ರೇಟು ಅಂಚಿನವರೆಗೆ ತುಂಬಿತ್ತು. ಒಂದು ಹಣ್ಣಿಗೂ ಗಾಯವಿರಲಿಲ್ಲ. ಕೊನೆಯ ಸಾಲಿನ ಹಿಂದೆ ನೋಡುವವರು ಯಾರೂ ಇರುವುದಿಲ್ಲ. ಧಣಿ ಈಗ ನಮ್ಮ ಕಡೆಗೇ ನಡೆದು ಬರುತ್ತಿದ್ದ. ರೈಲಕ್ಕ ತನ್ನ ಗಿಡದ ಮುಂದೆ ಸೊಂಟ ಹಿಡಿದು ಬಗ್ಗಿ, ಒಂದು ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತಿರುವುತ್ತಿದ್ದಳು.

"ಅಕ್ಕಾ, ಯಾರು ತುಂಬಿದ್ದು ಇದನ್ನ?" ಎಂದೆ ಮೆಲ್ಲಗೆ.

"ನಂಗೇನು ಗೊತ್ತು," ಎಂದಳು, ಗಿಡದಿಂದ ಕಣ್ಣು ತೆಗೆಯದೆ. "ನನ್ನ ಕೈ ಸೋತಿದೆ ಕಣೇ."