ಇಂಗ್ಲಿಷಿನ ಮೂರು ಗಂಟೆ

ರಾಯಚೂರು ಸ್ಟೇಷನ್ ರಸ್ತೆಯ ಲಾಡ್ಜೊಂದರಲ್ಲಿ ಶೇಖಮ್ಮ ಬಹಳ ವರ್ಷಗಳಿಂದ ಕಸ ಗುಡಿಸುತ್ತಿದ್ದಳು. ಮೂರು ಮಹಡಿ, ಲಿಫ್ಟ್ ಇಲ್ಲ. ಮೊಣಕಾಲು ಮುನಿಸಿಕೊಂಡ ಮೇಲೆ ಅವಳ ಕಣ್ಣು ಕೆಳಗಿನ ಕೌಂಟರಿನ ಕುರ್ಚಿಯ ಮೇಲೆ ಬಿತ್ತು. ಅಲ್ಲಿ ಕೂರುತ್ತಿದ್ದ ಮುದಸ್ಸಿರ್ ಶಕ್ತಿನಗರದಲ್ಲಿ ಬೇರೆ ಕೆಲಸ ಹಿಡಿದಿದ್ದ.

ಲಾಡ್ಜಿನ ಮಾಲೀಕ, ಮಾನ್ವಿಯ ಹಂಪಣ್ಣ, ಒಂದೇ ಷರತ್ತು ಹಾಕಿದ. "ಹೊರಗಿನ ಮಂದಿ ಬರ್ತಾರ ಶೇಖಮ್ಮ. ಟೈಮು, ತಾರೀಖು ಇಂಗ್ಲಿಷಿನ್ಯಾಗ ಹೇಳಾಕ ಬಂದ್ರ ಕುರ್ಚಿ ನಿಂದು. ಇಲ್ಲಾಂದ್ರ ಪೊರಕಿ ಇದ್ದೇ ಅದ."

ಕಲಿಸಲು ಮಗಳು ದುರ್ಗಾ ಇದ್ದಳು, ಡಿಗ್ರಿ ಓದುವವಳು. ಅಲ್ಲಿಯತನಕ ಅಮಾಸಿ, ಹುಣ್ಣಿಮಿ ಎಂದೇ ದಿನ ಎಣಿಸುತ್ತಿದ್ದ ಶೇಖಮ್ಮ, ರೊಟ್ಟಿ ಬಡಿಯುತ್ತಲೇ ತಾರೀಖು ಕಲಿತುಬಿಟ್ಟಳು. ಟೈಮು ಕಲಿತದ್ದು ಮನೆಯ ಗೋಡೆ ಗಡಿಯಾರದಿಂದ.

ಈ ಗಡಿಯಾರಕ್ಕೊಂದು ಹಿನ್ನೆಲೆಯಿದೆ. ಸಂಸಾರ ದೇವದುರ್ಗದಲ್ಲಿದ್ದಾಗ, ರಾಯಚೂರಿನ ಮೊದಲ ಬಸ್ಸು ತಪ್ಪಬಾರದೆಂದು ಗಂಡ ತಾಯಣ್ಣ ಅದನ್ನು ಕಾಲು ಗಂಟೆ ಮುಂದಿಟ್ಟಿದ್ದ. ಊರು ಬಿಟ್ಟರು, ಬಸ್ಸಿನ ಹಂಗೂ ಬಿಟ್ಟಿತು, ಮುಳ್ಳು ಮಾತ್ರ ಮುಂದೆಯೇ ಉಳಿಯಿತು. ಯಾರು ಟೈಮು ಕೇಳಿದರೂ ಮನೆಯವರು ಕಾಲು ಗಂಟೆ ಕಳೆದೇ ಹೇಳುತ್ತಾರೆ, ಕಳೆಯುತ್ತಿದ್ದೇವೆಂಬ ನೆನಪೂ ಇಲ್ಲದೆ. ದುರ್ಗಾ ಕಲಿಸಿದ್ದೂ ಹಾಗೇ. ಮುಳ್ಳು ತೋರಿಸಿದಳು, ಇಂಗ್ಲಿಷಿನಲ್ಲಿ ಕಾಲು ಗಂಟೆ ಕಳೆದು ಹೇಳಿದಳು. ತಾಯಿ ನೋಡಿದ್ದನ್ನೂ ಕೇಳಿದ್ದನ್ನೂ ಒಟ್ಟಿಗೆ ಕಟ್ಟಿ ತಲೆಯಲ್ಲಿಟ್ಟುಕೊಂಡಳು.

ಕುರ್ಚಿಯ ಮೊದಲ ದಿನ. ಕೊಯಮತ್ತೂರಿನ ಹತ್ತಿ ವ್ಯಾಪಾರಿಯೊಬ್ಬ, ಊಟದ ನಂತರ ಮಲಗುತ್ತೇನೆ, ಮೂರಕ್ಕೆ ಎಬ್ಬಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿ ಮೇಲೆ ಹೋದ. ಶೇಖಮ್ಮ ಲಾಡ್ಜಿನ ಗೋಡೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಸಮಯ ಬಂತೆನಿಸಿದಾಗ ಇಂಟರ್‌ಕಾಮ್ ಎತ್ತಿ, "ಗುಡ್ ಆಫ್ಟರ್‌ನೂನ್ ಸರ್. ಇಟ್ ಈಸ್ ತ್ರೀ ಓ ಕ್ಲಾಕ್," ಎಂದು ತಡವರಿಸದೆ ಹೇಳಿದಳು.

ವ್ಯಾಪಾರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದು, ಮೂರೂಕಾಲು ದಾಟಿದ ಮೊಬೈಲನ್ನು ಹಂಪಣ್ಣನ ಮೂಗಿನ ಮುಂದೆ ಹಿಡಿದ. ಜಿನ್ನಿಂಗ್ ಮಿಲ್ಲಿನವರು ಕಾಯುತ್ತಿದ್ದರಂತೆ. ಬೈಗುಳ ತಮಿಳಿನಲ್ಲಿದ್ದರೂ ಹಂಪಣ್ಣನಿಗೆ ಪೂರ್ತಿ ತಿಳಿಯಿತು. ವ್ಯಾಪಾರಿ ಹತ್ತಿದ ಆಟೋ ಹೋದ ಮೇಲೆ ಅವನು ಕೌಂಟರಿಗೆ ಬಂದ.

"ಈಗ ಟೈಮೆಷ್ಟು, ಇಂಗ್ಲಿಷಿನ್ಯಾಗ ಹೇಳು."

"ಕ್ವಾರ್ಟರ್ ಪಾಸ್ಟ್ ತ್ರೀ."

"ಕನ್ನಡದಾಗ?"

"ಮೂರೂವರಿ, ಸಾವ್ಕಾರ್ರ."

ಹಂಪಣ್ಣ ಗಡಿಯಾರ ನೋಡಿದ. ಮೂರೂವರೆಯೇ. "ಏನಬೇ, ಎರಡು ಟೈಮು ಹ್ಯಾಂಗ?"

"ಇಂಗ್ಲಿಷಿನ್ಯಾಗ ಹಂಗೇ ಇರ್ತದ ಅಂತ ತಿಳ್ಕೊಂಡಿದ್ದೆನ್ರೀ. ಅವರು ಇಂಗ್ಲಿಷಿನ್ಯಾಗ ಹೇಳಿದ್ರು, ಅದಕ್ಕ ಇಂಗ್ಲಿಷ್ ಮೂರಕ್ಕ ಎಬ್ಬಿಸೀನಿ."

ಹಂಪಣ್ಣ ದುರ್ಗಾಗೆ ಫೋನ್ ಹಚ್ಚಿದ. ನಡೆದದ್ದನ್ನು ಹೇಳಿದ. "ಅಯ್ಯ, ನಮ್ಮನಿ ಗಡಿಯಾರ ಮುಂದದ ರೀ," ಎಂದಳು. "ಮರತೇ ಬಿಟ್ಟಿದ್ದೆ. ಮೊದಲಿಂದ ಕಲಸ್ತೀನಿ."

ಶೇಖಮ್ಮ ಆಗಲೇ ಎದ್ದು ಪೊರಕೆಯ ಮೂಲೆಯತ್ತ ಹೊರಟಿದ್ದಳು.

"ಕುಂದ್ರು," ಎಂದ ಹಂಪಣ್ಣ. ಮಾನ್ವಿಯ ಅವನ ಮನೆಯ ಗಡಿಯಾರವೂ ಮುಂದೆಯೇ ಓಡುತ್ತಿತ್ತು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿ, ಸ್ಟೂಲ್ ಹತ್ತಿ, ಲಾಡ್ಜಿನ ಗಡಿಯಾರದ ಮುಳ್ಳನ್ನೇ ಕಾಲು ಗಂಟೆ ಮುಂದಕ್ಕೆ ತಿರುಗಿಸಿದ. ರೂಮು ಖಾಲಿ ಮಾಡುವ ವೇಳೆ ಹನ್ನೆರಡು. ಗೋಡೆ ನೋಡಿ ಗಿರಾಕಿಗಳು ಅಷ್ಟು ಬೇಗ ಚೀಲ ಕಟ್ಟಿದರೆ ಅವನಿಗೇನೂ ನಷ್ಟವಿಲ್ಲ.

ಈಗ ಕುರ್ಚಿಯಲ್ಲಿ ಶೇಖಮ್ಮನೇ ಇದ್ದಾಳೆ. ಇಂಗ್ಲಿಷಿನಲ್ಲಿ ಕೇಳಿದರೆ ತಟ್ಟನೆ ಸರಿಯಾದ ಟೈಮು ಹೇಳುತ್ತಾಳೆ. ಕನ್ನಡದಲ್ಲಿ ಕೇಳಿದರೆ ಮಾತ್ರ, ಕಾಲು ಗಂಟೆ ಕಳೆಯಬೇಕಲ್ಲ, ಸ್ವಲ್ಪ ತಡವಾಗುತ್ತದೆ.